ಕತ್ತರಿಸುವ ಮುಂಚೆ ಓಡಿಸಿ: ಹಳೇ ಬೈಕ್ ಬಗ್ಗೆ ಬಂದ ಪತ್ರಕ್ಕೆ ಸಂಪಾದಕರ ಉತ್ತರ

ಓದುಗರ ಪತ್ರ: "ಸೋದರಮಾವ ಓಡಿಸುತ್ತಿದ್ದ ಒಂಟಿ ಸಿಲಿಂಡರ್ ಬೈಕ್ ಈಗ ನನ್ನ ಕೈಗೆ ಬಂದಿದೆ. ಬಹಳ ವರ್ಷ ಮೂಲೆಯಲ್ಲಿ ನಿಂತಿತ್ತು, ಆದರೆ ಇಂಜಿನ್ ಸ್ಟಾರ್ಟ್ ಆಗುತ್ತದೆ. ಅದನ್ನು ಕೆಫೆ ರೇಸರ್ ಮಾಡಬೇಕು ಅಂತ ಆಸೆ. ತಗ್ಗಿನ ಹ್ಯಾಂಡಲ್, ಒಬ್ಬರೇ ಕೂರುವ ಸೀಟು ಬೇಕು. ಹಿಂದಿನ ಫ್ರೇಮ್ ಕತ್ತರಿಸಿ ಮೊಟಕು ಮಾಡಬೇಕು, ಏರ್ ಫಿಲ್ಟರ್ ಡಬ್ಬಿ ಕಿತ್ತು ಕೋನ್ ಫಿಲ್ಟರ್ ಹಾಕಬೇಕು. ಗೆಳೆಯರೆಲ್ಲ ಮಾಡು ಮಾಡು ಅಂತಾರೆ. ಹಳೇ ಗಾಡಿಗಳನ್ನು ಇಟ್ಟುಕೊಂಡಿರುವ ಹಿರಿಯರೊಬ್ಬರು ಮಾತ್ರ 'ಕಂಪನಿಯವರು ಮಾಡಿದ್ದನ್ನು ಹಾಳು ಮಾಡಬೇಡ' ಅಂತ ಬೈದರು. ನಾನು ಮಾಡಹೊರಟಿರುವುದು ತಪ್ಪಾ? ಮಾಡುವುದಾದರೆ ಎಲ್ಲಿಂದ ಶುರು ಮಾಡಲಿ?"

ತಪ್ಪೇನಿಲ್ಲ. ಗಾಡಿ ನಿಮ್ಮದು, ಅದರ ಮೇಲೆ ಕೂರುವವರು ನೀವು, ಬೆನ್ನು ನೋಯುವುದೂ ನಿಮ್ಮದೇ. ಕಂಪನಿಯವರು ಗಾಡಿ ಮಾಡಿದ್ದು ಸರಾಸರಿ ಎತ್ತರದ, ಸರಾಸರಿ ತೂಕದ ಯಾರೋ ಒಬ್ಬರನ್ನು ಮನಸ್ಸಲ್ಲಿಟ್ಟುಕೊಂಡು. ಅದನ್ನು ನಿಮ್ಮ ಮೈಗೆ ಹೊಂದಿಸಿಕೊಳ್ಳುವುದರಲ್ಲಿ ಯಾವ ಪಾಪವೂ ಇಲ್ಲ. ಆದರೆ ನಿಮ್ಮ ಪಟ್ಟಿ ಓದಿದಾಗ ನನಗೆ ಕಾಡಿದ ಪ್ರಶ್ನೆ ಒಂದೇ. ಈ ಗಾಡಿಯನ್ನು ನೀವು ಸರಿಯಾಗಿ ಓಡಿಸಿ ನೋಡಿದ್ದೀರಾ? ಪತ್ರದಲ್ಲಿ ಸ್ಟಾರ್ಟ್ ಆಗುತ್ತದೆ ಅಂತಿದೆ, ಓಡಿಸಿದೆ ಅಂತ ಎಲ್ಲೂ ಇಲ್ಲ.

ಕೆಫೆ ರೇಸರ್ ಹುಟ್ಟಿದ್ದು ಹೇಗೆ ಅಂತ ಸ್ವಲ್ಪ ನೋಡಿ. 1950 ಮತ್ತು 60ರ ದಶಕದ ಇಂಗ್ಲೆಂಡಿನಲ್ಲಿ, ಲಂಡನ್ನಿನ ಏಸ್ ಕೆಫೆಯಂಥ ಜಾಗಗಳಲ್ಲಿ ಸೇರುತ್ತಿದ್ದ ಹುಡುಗರು ತಮ್ಮ ದಿನಬಳಕೆಯ ಗಾಡಿಗಳನ್ನೇ ಬಿಚ್ಚಿ ಜೋಡಿಸುತ್ತಿದ್ದರು. ಅವರಿಗೆ ಬೇಕಿದ್ದದ್ದು ವೇಗ. ಗಾಳಿಗೆ ಮೈ ಕಮ್ಮಿ ಒಡ್ಡಲಿ ಅಂತ ಹ್ಯಾಂಡಲ್ ತಗ್ಗಿಸಿದರು, ತೂಕ ಇಳಿಯಲಿ ಅಂತ ಬೇಡದ್ದನ್ನು ಕಳಚಿದರು. 1950ರಲ್ಲಿ ನಾರ್ಟನ್ ಕಂಪನಿಯ ರೇಸ್ ಗಾಡಿಗೆ ಬಂದ ಫೆದರ್‌ಬೆಡ್ ಫ್ರೇಮ್ ತಿರುವಿನಲ್ಲಿ ಅಲ್ಲಾಡುತ್ತಿರಲಿಲ್ಲ. ಟ್ರಯಂಫ್ ಕಂಪನಿಯ ಎರಡು ಸಿಲಿಂಡರ್ ಇಂಜಿನ್ನಿಗೆ ಒಳ್ಳೇ ದಮ್ಮಿತ್ತು. ಎರಡನ್ನೂ ಸೇರಿಸಿ ಅವರು ಮಾಡಿಕೊಂಡದ್ದೇ ಟ್ರೈಟನ್. ಅಮೆರಿಕದಲ್ಲಿ ಬಾಬರ್ ಅನ್ನುವ ಮೊಟಕು ಬೈಕ್ ಬಂದದ್ದೂ ಹೀಗೇ. ಮುಂದಿನ ಮಡ್‌ಗಾರ್ಡ್ ಕಿತ್ತು, ಹಿಂದಿನದನ್ನು ಮೊಟಕು ಮಾಡಿದ್ದು ತೂಕ ಕಮ್ಮಿಯಾಗಲಿ ಅಂತ. ಒಂದೊಂದು ಕಡೆ ಕತ್ತರಿಸಿದ್ದಕ್ಕೂ ಓಡಿಸುವಾಗ ಗೊತ್ತಾದ ಒಂದು ಕಾರಣ ಇತ್ತು. ಈಗ ಫೋಟೋ ನೋಡಿ ಮಾಡುವ ಎಷ್ಟೋ ಗಾಡಿಗಳಲ್ಲಿ ಕತ್ತರಿಸಿದ್ದು ಕಾಣುತ್ತದೆ, ಕಾರಣ ಕಾಣುವುದಿಲ್ಲ. ಚೆಂದ ಇರುತ್ತವೆ, ಇಲ್ಲ ಅನ್ನಲ್ಲ. ಆದರೆ ಓಡಿಸಲು ಯಾರೂ ಹೊರಗೆ ತೆಗೆಯುವುದಿಲ್ಲ, ಅದು ನನಗೆ ನಿಜಕ್ಕೂ ಸಂಕಟದ ವಿಷಯ.

ಹಾಗಾಗಿ ಮೊದಲು ಗಾಡಿಯನ್ನು ಇರುವ ಹಾಗೇ ರಿಪೇರಿ ಮಾಡಿಸಿ. ಬಹಳ ಕಾಲ ನಿಂತ ಗಾಡಿ ಅಂದ್ರೆ ಮೊದಲ ದುಡ್ಡು ಹೋಗಬೇಕಾದದ್ದು ಟೈರಿಗೆ ಮತ್ತು ಬ್ರೇಕಿಗೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಒಂದು ಗುರುತು ಇರುತ್ತದೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2314 ಅಂತಿದ್ದರೆ 2014ರ 23ನೇ ವಾರದಲ್ಲಿ ತಯಾರಾದದ್ದು. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಹಿಂದಿನ ಟೈರು, ಮೇಲಿನ ಗೀರು ಎಷ್ಟೇ ಆಳ ಇರಲಿ, ತೆಗೆದು ಬಿಸಾಕಿ. ಡ್ರಮ್ ಬ್ರೇಕ್ ಇದ್ದರೆ ಒಳಗಿನ ಬ್ರೇಕ್ ಶೂ ಬದಲಿಸಿ, ಆಮೇಲೆ ಬ್ರೇಕ್ ಒತ್ತಿ ಹಿಡಿದುಕೊಂಡು ಚಕ್ರದ ನಡುವಿನ ಹಬ್ ಮೇಲಿರುವ ಸಣ್ಣ ಆರ್ಮ್ ನೋಡಿ. ಶೂ ಕಚ್ಚಿದ ಹೊತ್ತಿಗೆ ಕೇಬಲ್‌ಗೂ ಆರ್ಮ್‌ಗೂ ಸುಮಾರು 90 ಡಿಗ್ರಿ ಇರಬೇಕು. ಅದನ್ನು ಮೀರಿ ತಿರುಗಿದ್ದರೆ ನೀವು ಹಾಕುವ ಬಲದಲ್ಲಿ ಒಂದಿಷ್ಟು ದಂಡ. ಟ್ಯಾಂಕಿನ ತುಕ್ಕು, ಕಾರ್ಬುರೇಟರಿನಲ್ಲಿ ಗಟ್ಟಿಯಾದ ಹಳೇ ಪೆಟ್ರೋಲ್, ಆಯಿಲ್ ಇವೆಲ್ಲ ಯಾವ ಮೆಕ್ಯಾನಿಕ್ಕಿಗೂ ಗೊತ್ತಿರುವ ಕೆಲಸ.

ಆಮೇಲೆ ಓಡಿಸಿ. ಸುಮ್ನೆ ಬೀದಿ ಸುತ್ತುವುದಲ್ಲ. ದೂರ ಹೋಗಿ, ಮಳೆಯಲ್ಲಿ ಹೋಗಿ, ರಾತ್ರಿ ಹೋಗಿ, ಹಿಂದೆ ಒಬ್ಬರನ್ನು ಕೂರಿಸಿಕೊಂಡು ಹೋಗಿ. ಮಂಡಿ ಎಲ್ಲಿ ತಾಗುತ್ತದೆ, ಮಣಿಕಟ್ಟು ಯಾವಾಗ ನೋಯುತ್ತದೆ, ಸೀಟಿನ ಯಾವ ಜಾಗ ಚುಚ್ಚುತ್ತದೆ ಅಂತ ಗಮನಿಸಿ ಬರೆದಿಡಿ. ಹೀಗೆ ಓಡಿಸಿದ ಮೇಲೆ ನಿಮ್ಮ ಪಟ್ಟಿ ಬದಲಾದರೆ ನನಗೇನೂ ಆಶ್ಚರ್ಯವಿಲ್ಲ. ಮಡ್‌ಗಾರ್ಡ್ ಯಾಕಿದೆ ಅನ್ನುವುದು ಒದ್ದೆ ರಸ್ತೆಯಲ್ಲಿ ಒಂದು ಸಲ ಹೋದರೆ ಬೆನ್ನಿಗೆ ಗೊತ್ತಾಗುತ್ತದೆ, ಅಲ್ವಾ.

ಬದಲಾವಣೆಗೆ ಕೈ ಹಾಕುವಾಗ ವಾಪಸ್ ಹಾಕಬಹುದಾದದ್ದು ಮೊದಲು, ಕತ್ತರಿಸಿ ತೆಗೆಯುವುದು ಕಟ್ಟಕಡೆಗೆ. ಹ್ಯಾಂಡಲ್ ಶುರುವಿಗೆ ಒಳ್ಳೆಯದು, ಯಾಕಂದರೆ ಹಳೆಯದನ್ನು ಯಾವಾಗ ಬೇಕಾದರೂ ವಾಪಸ್ ಹಾಕಬಹುದು. ಆದರೆ ಬರೀ ಹ್ಯಾಂಡಲ್ ತಗ್ಗಿಸಿ ಕಾಲನ್ನು ಹಳೇ ಜಾಗದಲ್ಲೇ ಮುಂದೆ ಬಿಟ್ಟರೆ ನಡು ಮಡಚಿ ಹೋಗುತ್ತದೆ, ಮೈಭಾರವೆಲ್ಲ ಮಣಿಕಟ್ಟಿನ ಮೇಲೆ ಬೀಳುತ್ತದೆ. ಫುಟ್‌ರೆಸ್ಟ್ ಕೂಡ ಹಿಂದಕ್ಕೆ ಹೋಗಬೇಕು, ಅದರ ಜೊತೆ ಗೇರ್ ಮತ್ತು ಬ್ರೇಕ್ ಪೆಡಲ್‌ಗಳೂ. ಅಲ್ಲಿ ಬ್ರೇಕ್ ಪೆಡಲ್ಲಿನ ಉದ್ದ ಕಮ್ಮಿಯಾದರೆ ಅಷ್ಟೇ ಒತ್ತಿಗೆ ಬ್ರೇಕ್ ಮೊದಲಿನಷ್ಟು ಹಿಡಿಯುವುದಿಲ್ಲ, ಇದನ್ನು ನೋಡಿಕೊಳ್ಳಿ. ಕೇಬಲ್ ಉದ್ದವೂ ಬದಲಾಗಬೇಕು. ಹೊಸ ಹ್ಯಾಂಡಲ್ ಹಾಕಿದ ಮೇಲೆ ಗಾಡಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಇಂಜಿನ್ ಚಾಲೂ ಇಟ್ಟು, ಹ್ಯಾಂಡಲನ್ನು ಎಡದ ತುದಿಯಿಂದ ಬಲದ ತುದಿಗೆ ನಿಧಾನಕ್ಕೆ ತಿರುಗಿಸಿ. ಎಲ್ಲಾದರೂ ಇಂಜಿನ್ ಸದ್ದು ಏರಿದರೆ ಎಕ್ಸಿಲೇಟರ್ ಕೇಬಲ್ ಬಿಗಿಯುತ್ತಿದೆ ಅಂತ ಅರ್ಥ. ಅದನ್ನು ಸರಿ ಮಾಡದೆ ಗಾಡಿ ರಸ್ತೆಗೆ ಇಳಿಸಬೇಡಿ. ಹಾಗೇ ಇಳಿಸಿದರೆ ಯೂ ಟರ್ನ್ ಹೊಡೆಯುವಾಗ ಗಾಡಿ ತಾನೇ ಮುಂದಕ್ಕೆ ನುಗ್ಗುತ್ತದೆ.

ಈಗ ಫ್ರೇಮ್. ಇಲ್ಲಿ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಯಾಕಂದರೆ ಹೆಚ್ಚಿನ ಗಾಡಿಗಳು ಕೆಡುವುದು ಇಲ್ಲೇ. ಸೀಟಿನ ಕೆಳಗಿನ ಎರಡು ಪೈಪು ಸುಮ್ನೆ ಸೀಟು ಹೊರಲು ಇರುವುದಲ್ಲ. ಶಾಕ್ ಅಬ್ಸಾರ್ಬರಿನ ಮೇಲ್ತುದಿ ಅದಕ್ಕೇ ಬೋಲ್ಟ್ ಆಗಿರುತ್ತದೆ, ರಸ್ತೆಯ ಏಟೆಲ್ಲ ಅಲ್ಲಿಗೇ ಬರುತ್ತದೆ. ಆ ಬೋಲ್ಟಿಗಿಂತ ಮುಂದೆ ಕಬ್ಬಿಣ ಕತ್ತರಿಸುವ ಗ್ರೈಂಡರ್ ಹೋಗಲೇಬಾರದು. ಅದರ ಹಿಂದೆ ಬಾಲದ ಥರ ಚಾಚಿರುವ ಭಾಗವನ್ನು ಮೊಟಕು ಮಾಡಬಹುದು, ಆದರೆ ಎರಡು ತುದಿಗಳನ್ನು ಹಾಗೇ ಬಿಡದೆ ಬಾಗಿಸಿದ ಪೈಪಿನಿಂದ ಸೇರಿಸಬೇಕು. ಬೆಸುಗೆ ಹಾಕುವಲ್ಲಿ ಒಳಗೆ ಒಂದು ಸಣ್ಣ ಪೈಪಿನ ತುಂಡು ತೂರಿಸಿ, ಅದರ ಮೇಲೆ ಹೊರಗಿನದನ್ನು ಕೂಡಿಸಿದರೆ ಜೋಡಣೆ ಗಟ್ಟಿ.

ಕತ್ತರಿಸುವ ಮುಂಚೆ ಇನ್ನೊಂದು ಕೆಲಸ ಇದೆ. ಇದನ್ನು ದಯವಿಟ್ಟು ಬಿಡಬೇಡಿ. ಗಾಡಿಯನ್ನು ಗಟ್ಟಿ ಸ್ಟ್ಯಾಂಡಿನ ಮೇಲೆ ಏರಿಸಿ, ಎರಡೂ ಶಾಕ್ ಬಿಚ್ಚಿ, ಹಿಂದಿನ ಚಕ್ರವನ್ನು ಕೈಯಿಂದ ಮೇಲಕ್ಕೆ ಎತ್ತಿ. ಶಾಕ್ ಪೂರ್ತಿ ಕುಗ್ಗಿದಾಗ ಚಕ್ರ ಎಷ್ಟು ಮೇಲೆ ಬರುತ್ತದೋ ಅಷ್ಟಕ್ಕೆ ಕಟ್ಟಿ ನಿಲ್ಲಿಸಿ. ಆಗ ನಿಮ್ಮ ಹೊಸ ಸೀಟಿನ ತಳ, ವೈರು, ಹಿಂದಿನ ಲೈಟು ಎಲ್ಲಿರುತ್ತವೋ ಅಲ್ಲಿ ಒಂದು ರಟ್ಟು ಇಟ್ಟು ನೋಡಿ. ಟೈರು ರಟ್ಟಿಗೆ ತಾಗಿದರೆ ಮೊದಲ ದೊಡ್ಡ ಹಳ್ಳದಲ್ಲಿ ಸೀಟಿಗೂ ತಾಗುತ್ತದೆ. ಶಾಕ್ ಬಿಚ್ಚದೆ, ಸುಮ್ನೆ ನಿಂತ ಗಾಡಿಯಲ್ಲಿ ಮಾತ್ರ ಅಳತೆ ತೆಗೆದರೆ ಇದು ಗೊತ್ತೇ ಆಗುವುದಿಲ್ಲ.

ಹಿಂಭಾಗ ಎತ್ತರ ಕಾಣಲಿ ಅಂತ ಕೆಲವರು ಉದ್ದದ ಶಾಕ್ ಹಾಕಿಸುತ್ತಾರೆ. ನೀವೂ ಯೋಚಿಸಿರಬಹುದು. ಎರಡು ಚಕ್ರಗಳ ನಡುವೆ 1350 ಮಿ.ಮೀ. ಇರುವ ಗಾಡಿಯ ಹಿಂಭಾಗವನ್ನು 25 ಮಿ.ಮೀ. ಎತ್ತಿದರೆ ಇಡೀ ಗಾಡಿ ಸುಮಾರು 1 ಡಿಗ್ರಿ ಮುಂದಕ್ಕೆ ಬಾಗುತ್ತದೆ. ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ಅಷ್ಟೇ ನೆಟ್ಟಗಾಗುತ್ತದೆ, ಟ್ರೇಲ್ ಅನ್ನುವ ಅಳತೆ ಸುಮಾರು 6 ಮಿ.ಮೀ. ಕಮ್ಮಿಯಾಗುತ್ತದೆ. ಹ್ಯಾಂಡಲ್ ತಿರುಗುವ ಗೆರೆಯನ್ನು ನೆಲದವರೆಗೆ ಎಳೆದರೆ ಅದು ಟೈರು ನೆಲ ಮುಟ್ಟುವ ಜಾಗಕ್ಕಿಂತ ಮುಂದೆ ಬೀಳುತ್ತದೆ. ಆ ಅಂತರವೇ ಟ್ರೇಲ್, ಗಾಡಿ ನೇರ ಹೋಗುವುದಕ್ಕೆ ದೊಡ್ಡ ಕಾರಣ ಅದು. ಅಷ್ಟು ಕಮ್ಮಿಯಾದರೆ ತಿರುವಿನಲ್ಲಿ ಗಾಡಿ ಚುರುಕಾಗುತ್ತದೆ, ಕೆಲವರಿಗೆ ಅದೇ ಬೇಕು. ಇನ್ನೂ ಎತ್ತುತ್ತಾ ಹೋದರೆ ವೇಗದಲ್ಲಿ ಹ್ಯಾಂಡಲ್ ನಡುಗಲು ಶುರುವಾಗುತ್ತದೆ. ಚಾಪರ್ ಅನ್ನುವ ಬೈಕ್‌ಗಳದ್ದು ಇದಕ್ಕೆ ಉಲ್ಟಾ. ಫೋರ್ಕ್ ಉದ್ದ ಮಾಡಿ ಮಲಗಿಸುವುದರಿಂದ ನೇರ ರಸ್ತೆಯಲ್ಲಿ ಬಾಣದ ಹಾಗೆ ಹೋಗುತ್ತವೆ, ನಿಧಾನಕ್ಕೆ ತಿರುಗಿಸುವಾಗ ತೋಳು ಸೋಲುತ್ತದೆ.

ಬೆಸುಗೆ ಹಾಕಿಸುವ ದಿನ ಬ್ಯಾಟರಿ ಬಿಚ್ಚಿಡಿ. ಪೆಟ್ರೋಲ್ ಟ್ಯಾಂಕ್ ಆ ಕೋಣೆಯಲ್ಲೇ ಇರಬಾರದು. ಖಾಲಿ ಟ್ಯಾಂಕ್ ತಾನೇ ಅಂತ ಅಸಡ್ಡೆ ಬೇಡ. ಒಳಗೆ ಉಳಿದ ಆವಿಯಿಂದಲೇ ಅದು ಸಿಡಿಯಬಹುದು.

ಕೋನ್ ಫಿಲ್ಟರ್ ವಿಷಯದಲ್ಲಿ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಬೇಡ. ಏರ್ ಫಿಲ್ಟರ್ ಡಬ್ಬಿ ನೋಡಲು ಚೆನ್ನಾಗಿಲ್ಲ, ಒಪ್ಪುತ್ತೇನೆ. ಆದರೆ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಜೆಟ್‌ನ ಅಳತೆಯೆಲ್ಲ ಆ ಡಬ್ಬಿಯಿಂದ ಬರುವ ಗಾಳಿಗೆ ಹೊಂದಿಸಿದ್ದು. ಅದನ್ನು ಕಿತ್ತರೆ ಗಾಳಿ ಜಾಸ್ತಿಯಾಗಿ ಪೆಟ್ರೋಲ್ ಪಾಲು ಕಮ್ಮಿಯಾಗುತ್ತದೆ, ಇಂಜಿನ್ ವಿಪರೀತ ಕಾಯುತ್ತದೆ, ಎಳೆದು ಓಡಿಸಿದರೆ ಪಿಸ್ಟನ್ನಿಗೇ ಪೆಟ್ಟು. ಮಾಡಲೇಬೇಕು ಅಂದರೆ ಜೆಟ್ ಬದಲಿಸಬೇಕು, ಪ್ಲಗ್ ಬಿಚ್ಚಿ ನೋಡುತ್ತಾ ಇರಬೇಕು. ತುದಿ ಬೆಳ್ಳಗಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ, ಕಪ್ಪು ಮಸಿ ಕಟ್ಟಿದ್ದರೆ ಜಾಸ್ತಿ ಆಗಿದೆ, ತೆಳು ಕಂದು ಬಣ್ಣ ಬಂದರೆ ಸರಿ. ನಿಮ್ಮದು ತನ್ನೊಳಗಿನ ಸಣ್ಣ ಪಿಸ್ಟನ್ ನಿರ್ವಾತದಿಂದ ಏಳುವ ಸಿ.ವಿ. (ಕಾನ್‌ಸ್ಟಂಟ್ ವೆಲಾಸಿಟಿ) ಕಾರ್ಬುರೇಟರ್ ಆಗಿದ್ದರೆ ಇನ್ನೂ ಕಷ್ಟ, ಅದಕ್ಕೆ ಗಾಳಿ ಒಂದೇ ಸಮ ಬರಬೇಕು. ಸೈಲೆನ್ಸರ್ ಪೈಪಿಗೆ ಸುತ್ತುವ ಬಟ್ಟೆಪಟ್ಟಿಯೂ ನನಗೆ ಇಷ್ಟವಿಲ್ಲ. ಒಳಗೆ ನೀರು ನಿಂತು ಪೈಪು ಕಾಣದ ಹಾಗೆ ತುಕ್ಕು ಹಿಡಿಯುತ್ತದೆ.

ವೈರಿಂಗ್ ಹೊಸದಾಗಿ ಮಾಡಿಸುವುದಾದರೆ ಬಿಚ್ಚುವ ಮುಂಚೆ ಪ್ರತಿ ಜೋಡಣೆಯ ಫೋಟೋ ತೆಗೆದುಕೊಳ್ಳಿ, ಫ್ಯೂಸ್ ಮರೆಯಬೇಡಿ. ದೊಡ್ಡ ಹೆಡ್‌ಲೈಟ್ ಹಾಕುವ ಆಸೆ ಇದ್ದರೆ ಮೊದಲು ಡೈನಮೋ ಎಷ್ಟು ವ್ಯಾಟ್ ಕೊಡುತ್ತದೆ ಅಂತ ವಿಚಾರಿಸಿ. ಹಳೇ 6 ವೋಲ್ಟಿನ ಗಾಡಿಗಳಲ್ಲಿ ಅದು 60 ವ್ಯಾಟ್ ಆಸುಪಾಸು ಇದ್ದದ್ದುಂಟು, ಒಂದು ಹ್ಯಾಲೊಜೆನ್ ಬಲ್ಬೇ ಅಷ್ಟನ್ನೂ ತಿಂದು ಮುಗಿಸುತ್ತದೆ.

ನಿಮ್ಮನ್ನು ಬೈದ ಹಿರಿಯರ ಮಾತಿನಲ್ಲಿ ಅರ್ಧ ನಿಜ ಇದೆ. ಕಂಪನಿ ಬಣ್ಣದ ಟ್ಯಾಂಕ್ ಇನ್ನೂ ಚೆನ್ನಾಗಿದ್ದರೆ ಅದನ್ನು ಕೆರೆದು ಬಣ್ಣ ಬಳಿಯಬೇಡಿ. ಬೇರೊಂದು ಟ್ಯಾಂಕ್ ಹುಡುಕಿ ಅದಕ್ಕೆ ನಿಮಗೆ ಬೇಕಾದ ಬಣ್ಣ ಹಾಕಿ. ಬಿಚ್ಚಿದ ಒಂದು ಬ್ರಾಕೆಟ್ಟನ್ನೂ ಗುಜರಿಗೆ ಹಾಕದೆ ಎಣ್ಣೆ ಸವರಿ, ಹೆಸರು ಬರೆದು ಪೆಟ್ಟಿಗೆಯಲ್ಲಿಡಿ. ಫ್ರೇಮಿನ ಮೇಲಿನ ಚಾಸಿ ನಂಬರ್ ಬಣ್ಣದ ದಪ್ಪದಲ್ಲಿ ಮುಚ್ಚಿಹೋಗದಂತೆ ನೋಡಿಕೊಳ್ಳಿ, ಗ್ರೈಂಡರ್ ಅದರ ಹತ್ತಿರವೂ ಸುಳಿಯಬಾರದು. ನಿಮ್ಮ ಕಡೆ ಎಷ್ಟು ಬದಲಾವಣೆಗೆ ಕಾನೂನಿನ ಒಪ್ಪಿಗೆ ಇದೆ ಅನ್ನುವುದನ್ನೂ ಮೊದಲೇ ಕೇಳಿ ತಿಳಿದುಕೊಳ್ಳಿ. ಅಂದ ಹಾಗೆ, ಆ ಹಿರಿಯರ ಜೊತೆ ಮುನಿಸು ಬೇಡ. ಪ್ಲಗ್ಗಿಗೆ ಕಿಡಿ ಕೊಡುವ ಪಾಯಿಂಟ್‌ನ ಗ್ಯಾಪ್ ಇಡುವುದು, ಆ ಕಿಡಿ ಹಾರುವ ಟೈಮಿಂಗ್ ಕೂಡಿಸುವುದು ಚೆನ್ನಾಗಿ ಬಲ್ಲವರು ಈಗ ಕಮ್ಮಿ. ಅವರು ಗಾಡಿಯನ್ನು ಪ್ರೀತಿಸುವವರು, ಆ ಪ್ರೀತಿಯಲ್ಲೇ ಬೈದಿದ್ದಾರೆ.

ರಿಪೇರಿ ಮುಗಿಸಿ ಒಂದಷ್ಟು ಓಡಿಸಿದ ಮೇಲೆ ನಮಗೆ ಮತ್ತೆ ಬರೆಯಿರಿ. ನಿಮ್ಮ ಎತ್ತರ, ನೆಲದಿಂದ ಸೀಟಿನ ಎತ್ತರ, ಸೀಟಿನಿಂದ ಫುಟ್‌ರೆಸ್ಟಿಗೆ ಮತ್ತು ಹ್ಯಾಂಡಲ್ ಹಿಡಿಗೆ ಇರುವ ದೂರ, ಈಗಿನ ಶಾಕ್‌ನ ಎರಡು ಬೋಲ್ಟುಗಳ ನಡುವಿನ ಅಳತೆ, ಇಷ್ಟನ್ನೂ ಮಿ.ಮೀ.ನಲ್ಲಿ ಕಳಿಸಿ. ಎಲ್ಲಿ ನೋಯುತ್ತದೆ ಅನ್ನುವುದನ್ನೂ ಸೇರಿಸಿ. ಸೀಟು ಮತ್ತು ಹ್ಯಾಂಡಲ್ ಎಷ್ಟು ಸರಿಸಬೇಕು ಅಂತ ಆ ಅಳತೆಗಳನ್ನು ಇಟ್ಟುಕೊಂಡೇ ಲೆಕ್ಕ ಹಾಕೋಣ. ಅಲ್ಲಿಯವರೆಗೆ ಗ್ರೈಂಡರಿನ ಪ್ಲಗ್ ಹಾಕಬೇಡಿ.