ಮುರಿದ ಲಟ್ಟಣಿಗೆ ಎಸೆಯಬೇಡಿ

ಪ್ರಶ್ನೆ: ಸರ್, ನಮ್ಮಜ್ಜಿ ಶಿರಸಿಯಿಂದ ತಂದ ಚಾಕು ನನ್ನ ಹತ್ತಿರ ಇದೆ. ಅಲಗು ಇನ್ನೂ ಗಟ್ಟಿ, ಮರದ ಹಿಡಿ ಮಾತ್ರ ಸೀಳಿದೆ. ಹಿಡಿಗೆಂದೇ ಮಾರುವ ಮರದ ತುಂಡಿಗೆ ಆನ್‌ಲೈನಲ್ಲಿ ಹೊಸ ಚಾಕುವಿಗಿಂತ ಜಾಸ್ತಿ ಬೆಲೆ! ಪ್ಲಾಸ್ಟಿಕ್ ಬೇಡ. ಜಿಂಕೆ ಕೊಂಬು ಹಾಕಬಹುದಾ? ಪುಣೆಯಲ್ಲಿ ಅಗ್ಗಕ್ಕೆ ಏನು ಸಿಗುತ್ತದೆ?
– ಓದುಗಿ, ಚಿಂಚವಡ

ಉತ್ತರ: ಜಿಂಕೆ ಕೊಂಬಿನ ಆಸೆ ಬಿಡಿ ತಂಗಿ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದನ್ನು ಮಾರುವುದೂ ತಪ್ಪು, ಕೊಳ್ಳುವುದೂ ತಪ್ಪು. ಎಮ್ಮೆ ಕೊಂಬು ಆಗುತ್ತದೆ. ಆದರೆ ಉಜ್ಜುವಾಗ ಕೂದಲು ಸುಟ್ಟ ವಾಸನೆ ಮನೆ ತುಂಬುತ್ತದೆ. ನಮ್ಮ ಮನೆಯಾಕೆ ನನ್ನನ್ನು ಗ್ಯಾಲರಿಗೆ ಅಟ್ಟಿದ್ದಳು.

ನಿಮ್ಮ ಅಟ್ಟದಲ್ಲಿ ಮುರಿದ ಲಟ್ಟಣಿಗೆ ಇದೆಯಾ ನೋಡಿ. ಶೀಶಮ್ ಎಂಬ ಗಟ್ಟಿ ಮರದ್ದಾದರೆ ಅದಕ್ಕಿಂತ ಒಳ್ಳೆ ಹಿಡಿ ಇಲ್ಲ. ವರ್ಷಗಟ್ಟಲೆ ಒಣಗಿದ ಮರ, ಆಗಲೇ ದುಂಡಗಿದೆ, ಕೈಗೆ ಹಿತ. ಇಲ್ಲದಿದ್ದರೆ ಬುಧವಾರ ಇಲ್ಲವೇ ಭಾನುವಾರ ಹಳೆ ಸಾಮಾನಿನ ಸಂತೆ ಜುನಾ ಬಜಾರಿಗೆ ಹೋಗಿ, ಹಳೆ ಕುರ್ಚಿಯ ಕಾಲು ಕೇಳಿ. ನಾನು ಒಂದಕ್ಕೆ 40 ರೂಪಾಯಿ ಕೊಟ್ಟೆ, ಮೂರು ಚಾಕುವಿಗೆ ಹಿಡಿ ಆಯಿತು. ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್ಟಿನಲ್ಲಿ ಚೂರುಪಾರು ಕೇಳಿದರೂ ಆಗುತ್ತದೆ. ಅಲ್ಲಿ ಮರಾಠಿಯಲ್ಲಿ ಜಾಲಿಗೆ ಬಾಭೂಳ, ಹುಣಸೆಗೆ ಚಿಂಚ ಅನ್ನಬೇಕು. ನಮ್ಮೂರ ಕಡೆ ಕುಡಗೋಲಿಗೂ ಕೊಡಲಿಗೂ ಜಾಲಿ ಕಾವೇ ಹಾಕುತ್ತಿದ್ದದ್ದು, ಅಷ್ಟು ಗಟ್ಟಿ.

ಹಸಿ ಮರ ಮಾತ್ರ ಬೇಡ. ಒಂದು ಮಳೆಗಾಲದಲ್ಲಿ ನಮ್ಮ ಬೀದಿಯಲ್ಲಿ ಬಿದ್ದ ಹುಣಸೆ ಟೊಂಗೆ ಎಳೆದು ತಂದು, ಅದೇ ವಾರ ಹಿಡಿ ಮಾಡಿದೆ. ಏನು ಹೊಳಪು ಅಂತೀರಿ! ಏಪ್ರಿಲ್ ಬಿಸಿಲಿಗೆ ಉದ್ದಕ್ಕೂ ಬಿರುಕು. ಸೌತೆಕಾಯಿ ಹೆಚ್ಚುವಾಗ ಅಲಗು ಗಡಗಡ ಅಲ್ಲಾಡಿತು.

ಈಗ ಕೂರಿಸುವುದು. ಹಿಡಿಯೊಳಗೆ ಹೋಗುವ ಕಬ್ಬಿಣದ ಬಾಲ ನೋಡಿದ್ದೀರಲ್ಲ, ಅದಕ್ಕಿಂತ ಸ್ವಲ್ಪ ಸಣ್ಣ ತೂತು ಕೊರೆಸಿ. ಹಳೇ ಕಾಲದ ಕಮ್ಮಾರರು ತೂತಿಗೆ ಅರಗಿನ ಪುಡಿ ತುಂಬಿ, ಬಾಲ ಕಾಯಿಸಿ ಒತ್ತುತ್ತಿದ್ದರು. ಅರಗು ಕರಗಿ, ಆರಿದ ಮೇಲೆ ಕಚ್ಚಿ ಹಿಡಿಯುತ್ತದೆ. ನೀವೂ ಮಾಡಬಹುದು, ಅಲಗಿಗೆ ಮಾತ್ರ ಒದ್ದೆ ಬಟ್ಟೆ ಸುತ್ತಿರಬೇಕು. ಅಲಗು ಕಾದರೆ ಹದ ಹೋಗುತ್ತದೆ, ಆಮೇಲೆ ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ. ಕಾಯಿಸಲು ಧೈರ್ಯ ಇಲ್ಲವಾ? ತೂತು ಬಾಲದಷ್ಟೇ ಇರಲಿ, ಅರಾಲ್ಡೈಟ್ ಅಂಟು ಹಾಕಿ ಒಂದು ದಿನ ಮುಟ್ಟಬೇಡಿ.

ಕೊನೆಗೆ ಸ್ಯಾಂಡ್ ಪೇಪರಿನಿಂದ ಉಜ್ಜಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು. ಆಮೇಲೆ ಅಗಸೆ ಎಣ್ಣೆ, ಮೂರು ನಾಲ್ಕು ಸಲ, ತೆಳ್ಳಗೆ. ಕೊಬ್ಬರಿ ಎಣ್ಣೆ, ಶೇಂಗಾ ಎಣ್ಣೆ ಒಣಗುವುದಿಲ್ಲ, ಜಿಗುಟು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಸುಮ್ನೆ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗೇ ಬಿಸಿಯಾಗಿ ಬೆಂಕಿ ಹತ್ತಬಹುದು. ಬಿಡಿಸಿ ಹೊರಗೆ ಒಣಹಾಕಿ.

ಹಾಂ, ಹಳೆ ಹಿಡಿಯ ಅಳತೆ ನೋಡಿ ಹೊಸದನ್ನು ಮಾಡಬೇಡಿ. ಅದು ಅಜ್ಜಿಯ ಕೈಗೆ ಮಾಡಿದ್ದು. ನಿಮ್ಮ ಅಂಗೈಯಲ್ಲಿ ಲಟ್ಟಣಿಗೆ ಹಿಡಿದು, ಕಿರುಬೆರಳು ದಾಟಿ ಅರ್ಧ ಇಂಚು ಬಿಟ್ಟು ಪೆನ್ಸಿಲ್ ಗುರುತು ಹಾಕಿ. ಅಲ್ಲಿಗೆ ಕೊಯ್ದರಾಯಿತು.