ಬೆಳಗಾವಿಯಿಂದ ಅಪ್ಪ-ಅಮ್ಮನ ಜೊತೆ ಜೈಸಲ್ಮೇರ್: ಮರಳಿನಲ್ಲಿ ಎರಡು ರಾತ್ರಿ ಟೆಂಟ್ ಹಿಡಿಯಬಹುದಾ?

ಡಿಸೆಂಬರ್, ವಯಸ್ಸಾದ ಅಪ್ಪ-ಅಮ್ಮ, ಸಮ್ ಮರಳುದಿಬ್ಬದ ಹತ್ತಿರ ಎರಡು ರಾತ್ರಿ, ಊರಿನಲ್ಲಿ ಒಂದೇ ರಾತ್ರಿ. ಲಕ್ಷುರಿ ಟೆಂಟ್ ಒಳ್ಳೆಯದಾ, ಸಾದಾ ಸಾಕಾ ಅಂತ ಕೇಳಿದ್ದೀರಿ. ಎರಡೂ ಬೇಡ. ಶಹಾಪುರದ ನಮ್ಮ ಮನೆಯಲ್ಲಿ ಕೂತು ನಾನೂ ಇದೇ ಪ್ಲಾನ್ ಹಾಕಿದ್ದೆ.

ನಮ್ಮದು ಜೈನರ ಮನೆ. ಅವ್ವನಿಗೆ ಮರಳು, ಒಂಟೆ ಯಾವುದೂ ಬೇಕಿರಲಿಲ್ಲ. ಜೈಸಲ್ಮೇರ್ ಕೋಟೆಯೊಳಗೆ ಪಾರ್ಶ್ವನಾಥರ ಮಂದಿರ ಇದೆ ಅಂತ ಯಾರೋ ಹೇಳಿದ್ದರು, ಅದಕ್ಕೇ ಹೊರಟಿದ್ದಳು. ಇಲ್ಲಿ ಬೆಳಗಾವಿ ಕೋಟೆಯ ಕಮಲ ಬಸದಿಗೆ ಹೋಗಿಬಂದ ಹಾಗೆ ಅಲ್ಲಿಯೂ ಆರಾಮಾಗಿ ದರ್ಶನ ಆಗುತ್ತದೆ ಅಂದುಕೊಂಡು, ಅದನ್ನು ಕೊನೆಯ ದಿನಕ್ಕೆ ಇಟ್ಟೆ. ಮೊದಲು ಮರಳು, ಆಮೇಲೆ ಊರು.

ಟೆಂಟ್‌ನವರಿಗೆ ಫೋನ್ ಮಾಡಿ "ಜೈನ್ ಊಟ ಸಿಗುತ್ತಾ?" ಅಂತ ಕೇಳಿದ್ದೆ. ಸಿಗುತ್ತದೆ ಅಂದರು. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಯಾವುದೂ ಹಾಕುವುದಿಲ್ಲ ಅಂದರು. ಅವರು ಸುಳ್ಳು ಹೇಳಲಿಲ್ಲ. ನಾನು ಏನು ಬಡಿಸುತ್ತೀರಿ ಅಂತ ಕೇಳಿದೆ, ಎಷ್ಟು ಗಂಟೆಗೆ ಅಂತ ಕೇಳಲಿಲ್ಲ. ಅವ್ವ ಹೊತ್ತು ಮುಳುಗಿದ ಮೇಲೆ ಊಟ ಮಾಡುವುದಿಲ್ಲ. ಹುಟ್ಟಿದಾಗಿನಿಂದ ನೋಡಿದ್ದೇನೆ, ಆದರೂ ತಲೆಗೆ ಹೊಳೆಯಲಿಲ್ಲ. ಅಲ್ಲಿಯ ಲೆಕ್ಕ ಹೇಗಿರುತ್ತದೆ ಕೇಳಿ: ಮಧ್ಯಾಹ್ನ ಮೇಲೆ ಜನ ಬರುತ್ತಾರೆ, ಚಹಾ ಕೊಡುತ್ತಾರೆ, ಎಲ್ಲರನ್ನೂ ಮರಳಿಗೆ ಸಾಗಿಸುತ್ತಾರೆ. ಸೂರ್ಯ ಮುಳುಗುವವರೆಗೆ ಫೋಟೋ. ವಾಪಸ್ ಬಂದ ಮೇಲೆ ಬೆಂಕಿ ಹಾಕಿ ಮಾಂಗಣಿಯಾರರ ಹಾಡು, ಕಾಲ್ಬೇಲಿಯಾ ಕುಣಿತ. ಅದೆಲ್ಲಾ ಮುಗಿದ ಮೇಲೆ ಪಾತ್ರೆಗಳ ಮುಚ್ಚಳ ತೆಗೆಯುತ್ತಾರೆ. ಅಂದರೆ ಅವ್ವ ಊಟಕ್ಕೆ ಕೂರಬೇಕಾದ ಹೊತ್ತಿಗೇ ಸರಿಯಾಗಿ ಎಲ್ಲರೂ ಮರಳಿನ ಮೇಲೆ ನಿಂತಿರುತ್ತಾರೆ, ಅಡುಗೆಮನೆಯಲ್ಲಿ ಒಲೆಯೇ ಹಚ್ಚಿರುವುದಿಲ್ಲ. ಆ ರಾತ್ರಿ ಅವ್ವ ಉಪವಾಸ. ಹಾಡು ಮಾತ್ರ ಚೆನ್ನಾಗಿತ್ತು ಅಂದಳು.

ಅಪ್ಪನದು ಬೇರೆ ಕಥೆ. ಒಂಟೆ ಏಳುವಾಗ ಮೊದಲು ಹಿಂಗಾಲು ಎತ್ತುತ್ತದೆ, ಕೂತವರು ಮುಂದಕ್ಕೆ ಮುಗ್ಗರಿಸುತ್ತಾರೆ. ಕನ್ನಡಕ ಮರಳಿಗೆ ಬಿತ್ತು. ಸಿಕ್ಕಿತು, ಆದರೆ ಗಾಜಿನ ತುಂಬಾ ಗೀರು. ವಯಸ್ಸಾದವರಿಗೆ ಒಂಟೆಗಾಡಿ ಸಿಗುತ್ತದೆ, ಅದನ್ನೇ ಹತ್ತಿಸಿ. ಇನ್ನು ಚಳಿ. ಬೆಳಗಾವಿ ಚಳಿ ಕಂಡವರಿಗೆ ಇದೇನು ಮಹಾ ಅಂತ ಹೋಗಬೇಡಿ. ಗಾಳಿಯಲ್ಲಿ ತೇವ ಇಲ್ಲ, ಮೋಡವೂ ಇಲ್ಲ. ಹಗಲು ಕಾದ ಮರಳು ಹೊತ್ತು ಮುಳುಗಿದ ಕೂಡಲೇ ಆರಿಬಿಡುತ್ತದೆ. ಡಿಸೆಂಬರ್ ರಾತ್ರಿ 10 ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ, ಟೆಂಟಿನ ಗೋಡೆ ಅಂದರೆ ಬಟ್ಟೆಯೇ ತಾನೇ.

ಮರುದಿನ ಹಗಲು ಟೆಂಟ್ ಹತ್ತಿರ ಮಾಡುವುದಕ್ಕೆ ಕೆಲಸವೇ ಇಲ್ಲ. ಉಳಿದವರೆಲ್ಲ ತಿಂಡಿ ತಿಂದು ಹೊರಟುಹೋದರು. ನಾವು ದುಡ್ಡು ಕಟ್ಟಿಬಿಟ್ಟಿದ್ದೆವು, ಸುಮ್ನೆ ಕೂತೆವು. ಅಡುಗೆಯವನಿಗೆ ಹೇಗೋ ವಿಷಯ ಗೊತ್ತಾಗಿ, ಬಿಸಿಲಿರುವಾಗಲೇ ಅವ್ವನಿಗೆ ಬಾಜ್ರೆಯ ರೊಟ್ಟಿ ತಟ್ಟಿ, ಮೇಲೆ ತುಪ್ಪ ಸುರಿದು ತಂದುಕೊಟ್ಟ. ಅವ್ವ ಮುರಿದು ನೋಡಿ, "ಇದು ನಮ್ಮ ಸಜ್ಜಿ ರೊಟ್ಟಿನ ಅಲ್ಲೇನೋ" ಅಂದಳು. ಇಡೀ ಪ್ರವಾಸದಲ್ಲಿ ಅವಳು ಖುಷಿಯಾಗಿ ಉಂಡಿದ್ದು ಅದೊಂದೇ ಊಟ.

ಕೊನೆಯ ದಿನ ನಿಧಾನಕ್ಕೆ ಎದ್ದು, ತಿಂಡಿ ಮುಗಿಸಿ ಹೊರಟೆವು. ಕೋಟೆಯ ಏರು ಹತ್ತಿ ಮೇಲೆ ಹೋಗುವ ಹೊತ್ತಿಗೆ ಮಂದಿರದ ಬಾಗಿಲು ಹಾಕಿದ್ದರು. ಅಲ್ಲಿ ದರ್ಶನ ಬೆಳಗಿನ ಹೊತ್ತು ಮಾತ್ರ. ಸಂಜೆ ನಮ್ಮ ರೈಲು. ಅವ್ವ ಮುಚ್ಚಿದ ಬಾಗಿಲಿಗೇ ಕೈ ಮುಗಿದಳು. ಡ್ರೈವರ್ ಪುಣ್ಯಾತ್ಮ, ಸುಮಾರು 15 ಕಿ.ಮೀ. ದೂರದ ಲೋದ್ರವಾಕ್ಕೆ ಗಾಡಿ ತಿರುಗಿಸಿದ. 1156ರಲ್ಲಿ ರಾವಲ್ ಜೈಸಲ್ ಈ ಕೋಟೆ ಕಟ್ಟಿಸುವ ಮೊದಲು ಅದೇ ರಾಜಧಾನಿ. ಅಲ್ಲಿಯೂ ಪಾರ್ಶ್ವನಾಥರೇ ಇದ್ದಾರೆ, ಜನಜಂಗುಳಿ ಇಲ್ಲ. ನಿಮ್ಮ ಮನೆಯಲ್ಲಿ ಯಾರಿಗಾದರೂ ದೇವರ ಮೇಲೆ ಆಸೆ ಇದ್ದರೆ ಇದನ್ನು ಬಿಡಬೇಡಿ.

"ಊರು ಅರ್ಧ ದಿನದಲ್ಲಿ ಮುಗಿಯುತ್ತೆ ಅಲ್ವಾ" ಅಂತ ಬರೆದಿದ್ದೀರಿ. ನನ್ನ ಪ್ರಕಾರ ಮುಗಿಯುವುದು ಮರಳು, ಊರಲ್ಲ. ಆ ಕೋಟೆಯಲ್ಲಿ ಇವತ್ತಿಗೂ ಜನ ಸಂಸಾರ ಮಾಡುತ್ತಿದ್ದಾರೆ. ಹಳದಿ ಕಲ್ಲಿನ ಓಣಿಯಲ್ಲಿ ನಡೆಯುವಾಗ ತಲೆ ಮೇಲೆ ಒಣಹಾಕಿದ ಬಟ್ಟೆ, ಪಕ್ಕದ ಮನೆಯಿಂದ ಒಗ್ಗರಣೆ ವಾಸನೆ. ಮಂದಿರದ ನೆಲಮಾಳಿಗೆಯಲ್ಲಿ ಜ್ಞಾನಭಂಡಾರ ಅಂತ ಇದೆ, ಹಳೆಯ ತಾಳೆಗರಿ ಗ್ರಂಥಗಳಿವೆ. ಬೆಳಗ್ಗೆ ಎದ್ದು ನೇರ ಅಲ್ಲಿಗೇ ಹೋಗಿ. ಚರ್ಮದ ಬೆಲ್ಟು, ಪರ್ಸು ರೂಮಿನಲ್ಲೇ ಬಿಡಿ, ಒಳಗೆ ಬಿಡುವುದಿಲ್ಲ. ಪಟುವಾ ಹವೇಲಿ, ಗಡೀಸರ್ ಕೆರೆ ಆಮೇಲೆ.

ಮರಳಿಗೆ ಸಂಜೆ ಹೋಗಿ ಬನ್ನಿ. ಸಮ್ ಇರುವುದು ಸುಮಾರು 40 ಕಿ.ಮೀ., ರಸ್ತೆ ಚೆನ್ನಾಗಿದೆ. ಆ ಕಡೆಗೇ ಕುಲ್ಧಾರಾ ಇದೆ, ಪಾಲೀವಾಲ್ ಬ್ರಾಹ್ಮಣರು ಬಿಟ್ಟುಹೋದ ಊರು. ದೆವ್ವದ ಕಥೆ ಹೇಳುವ ಗೈಡ್ ಬೇಕಾಗಿಲ್ಲ, ಸೂರು ಹೋದ ಗೋಡೆಗಳೇ ಸಾಕು. ನಮ್ಮ ಕಡೆಯವರಿಗೆ, ಅದರಲ್ಲೂ ಮಿಲಿಟರಿ ಮನೆಯವರಿಗೆ, ಲೋಂಗೇವಾಲಾದ ಸೆಳೆತ ಇರುತ್ತದೆ. 1971ರ ಯುದ್ಧದ ಜಾಗ, ಆದರೆ ಹೋಗೋದೇ ನೂರು ಕಿ.ಮೀ. ಮೇಲೆ. ತನೋಟ್ ಮಾತೆಯ ಗುಡಿಯನ್ನೂ ಸೇರಿಸಿದರೆ ಇಡೀ ದಿನ ಬೇಕು. ಅಪ್ಪ-ಅಮ್ಮನಿಗೆ ಅಷ್ಟು ಹೊತ್ತು ಕಾರಿನಲ್ಲಿ ಕೂರೋಕಾಗುತ್ತಾ ಅಂತ ನೀವೇ ನೋಡಿ.

ಮೂರೂ ರಾತ್ರಿ ಊರಲ್ಲೇ ರೂಮ್ ಹಿಡಿಯಿರಿ, ಆದರೆ ಕೋಟೆಯೊಳಗೆ ಬೇಡ. ಹೋಟೆಲ್‌ಗಳು ಹೆಚ್ಚಾಗಿ ನೀರು ಇಂಗಿ ಕೋಟೆಯ ಬುಡವೇ ಸಡಿಲವಾಗುತ್ತಿದೆ. ಕೆಳಗೆ ಪೇಟೆಯಲ್ಲಿ ಬೇಕಾದಷ್ಟು ಸಿಗುತ್ತವೆ. ತೀರಾ ಅಗ್ಗಕ್ಕೆ ರೂಮ್ ಕೊಡುತ್ತೇನೆ ಅಂದರೆ ಹುಷಾರು, ಬಾಡಿಗೆಯಲ್ಲಿ ಬಿಟ್ಟಿದ್ದನ್ನು ಒಂಟೆ ಸಫಾರಿಯಲ್ಲಿ ವಸೂಲಿ ಮಾಡುವವರಿದ್ದಾರೆ. ಬುಕ್ ಮಾಡುವಾಗ ನೆಲಮಹಡಿಯ ರೂಮೇ ಬೇಕು ಅಂತ ಹೇಳಿ, ಹಳೆಯ ಕಟ್ಟಡಗಳ ಮೆಟ್ಟಿಲು ಬಹಳ ಕಡಿದಾಗಿರುತ್ತವೆ.