‘ದಿ ನೇಮ್ ಆಫ್ ದಿ ರೋಸ್’ ಕಾದಂಬರಿ ನೂರು ಪುಟಕ್ಕೇ ಸಾಕಾಗಿದೆ, ಮುಂದೆ ಓದಲಾ ಬೇಡವಾ?

ಓದಿ. ನಾನೂ ಅಲ್ಲೇ ಸಿಕ್ಕಿಕೊಂಡಿದ್ದೆ. ವಿಜಯಪುರದ ಬೇಸಿಗೆ, ಮಧ್ಯಾಹ್ನ ಹೊರಗೆ ಕಾಲಿಡುವ ಹಾಗಿಲ್ಲ, ಆಗ ಹಿಡಿದು ಕೂತು ಎರಡು ಸಲ ಬಿಟ್ಟು ಮೂರನೇ ಸಲ ಮುಗಿಸಿದೆ. ಚರ್ಚಿನ ಬಾಗಿಲ ಮೇಲಿನ ಕೆತ್ತನೆಯನ್ನೇ ಪುಟಗಟ್ಟಲೆ ಬರೆಯುತ್ತಾರೆ. ಜೊತೆಗೆ ಲ್ಯಾಟಿನ್ ಸಾಲುಗಳು. ಆ ನೂರು ಪುಟ ಕಡಿಮೆ ಮಾಡಿ ಅಂತ ಪ್ರಕಾಶಕರ ಕಡೆಯವರು ಹೇಳಿದರೂ ಲೇಖಕ ಉಂಬರ್ಟೊ ಎಕೊ ಒಪ್ಪಲಿಲ್ಲ. ಒಪ್ಪಬೇಕಿತ್ತು ಅಂತಲೇ ನನಗೆ ಈಗಲೂ ಅನಿಸುತ್ತದೆ.

ಆಮೇಲೆ ಮಾತ್ರ ಪುಸ್ತಕ ಕೈಬಿಡಲಿಲ್ಲ. 1327ರ ಇಟಲಿ, ಒಂದು ಮಠ, ಏಳು ದಿನ, ಒಬ್ಬೊಬ್ಬರಾಗಿ ಸಾಯುವ ಸನ್ಯಾಸಿಗಳು. ಕೊಲೆಗಾರ ಯಾರು ಅಂತ ಹೇಳುವುದಿಲ್ಲ. ಕೊಲೆಗಿಂತ ಜಾಸ್ತಿ ನನ್ನನ್ನು ಹಿಡಿದದ್ದು ಏಸುವಿಗೆ ಸ್ವಂತ ಆಸ್ತಿ ಇತ್ತಾ ಇಲ್ವಾ ಅನ್ನುವ ಜಗಳ. ಇದು ಇತಿಹಾಸದಲ್ಲಿ ನಿಜವಾಗಿ ನಡೆದದ್ದು. ಇರಲಿಲ್ಲ ಅಂದರು ಫ್ರಾನ್ಸಿಸ್ಕನ್ನರು, ಬಡತನವನ್ನೇ ವ್ರತ ಮಾಡಿಕೊಂಡ ಸನ್ಯಾಸಿ ಪಂಥದವರು. ಹಾಗಾದರೆ ಚರ್ಚಿಗೆ ಇಷ್ಟು ಭೂಮಿ, ಬಂಗಾರ ಯಾಕೆ ಅನ್ನುವ ಪ್ರಶ್ನೆ ಏಳುತ್ತದಲ್ವಾ? ಪೋಪ್ 22ನೇ ಜಾನ್ 1323ರಲ್ಲಿ ಆಸ್ತಿ ಇರಲಿಲ್ಲ ಅನ್ನುವ ಮಾತನ್ನೇ ಧರ್ಮದ್ರೋಹ ಅಂತ ಸಾರಿಬಿಟ್ಟರು. ಕಾದಂಬರಿ ಬಂದದ್ದು 1980ರಲ್ಲಿ. ಎರಡೇ ವರ್ಷ ಮೊದಲು ‘ರೆಡ್ ಬ್ರಿಗೇಡ್ಸ್’ ಅನ್ನುವ ಉಗ್ರ ಎಡಪಂಥೀಯ ಗುಂಪಿನವರು ಬಡವರ ಹೆಸರು ಹೇಳಿಕೊಂಡೇ ಇಟಲಿಯ ಮಾಜಿ ಪ್ರಧಾನಿ ಆಲ್ಡೊ ಮೊರೊ ಅವರನ್ನು ಎತ್ತಿಕೊಂಡು ಹೋಗಿ ಕೊಂದಿದ್ದರು. ಅದು ಗೊತ್ತಿದ್ದರೆ ಕಾದಂಬರಿಯೊಳಗೆ ಬರುವ ಕತ್ತಿ ಹಿಡಿದ ಬಡ ಸನ್ಯಾಸಿಗಳ ಕಥೆ ಬೇರೆಯೇ ಥರ ಕೇಳಿಸುತ್ತದೆ.

ಇನ್ನು ಆ ಮಠದ ಗ್ರಂಥಾಲಯ. ಗ್ರಂಥಪಾಲಕ ಬಿಟ್ಟು ಯಾರೂ ಒಳಗೆ ಹೋಗುವಂತಿಲ್ಲ, ಹೋದವರಿಗೆ ದಾರಿ ತಪ್ಪಬೇಕು ಹಾಗೆ ಕಟ್ಟಿದ್ದಾರೆ. ಓದುತ್ತಾ ನಮ್ಮೂರಿನ ಫ.ಗು. ಹಳಕಟ್ಟಿಯವರೇ ಕಣ್ಮುಂದೆ ಬಂದರು. ವಕೀಲಿ ಮಾಡಿಕೊಂಡು ಮನೆ ಮನೆ ತಿರುಗಿ, ಜಗಲಿ ಮೇಲೆ ಬಟ್ಟೆ ಸುತ್ತಿ ಪೂಜೆಗಿಟ್ಟಿದ್ದ ವಚನಗಳ ತಾಳೆಗರಿ ಕೇಳಿ ತಂದು, 1923ರಲ್ಲಿ ‘ವಚನಶಾಸ್ತ್ರ ಸಾರ’ ಅಚ್ಚು ಹಾಕಿಸಿದವರು. ಅಚ್ಚುಕೂಟ ಹಾಕಲು ತಮ್ಮ ಮನೆಯನ್ನೂ ಮಾರಿದರು.

ಅದಕ್ಕೇ ಇರಬೇಕು, ಒಂದು ವಿಷಯದಲ್ಲಿ ಎಕೊ ಮೇಲೆ ನನಗೆ ಸಿಟ್ಟಿದೆ. ಹಳ್ಳಿಯ ಒಬ್ಬ ಬಡ ಹುಡುಗಿ ರಾತ್ರಿ ಮಠದ ಅಡುಗೆಮನೆಗೆ ಬರುತ್ತಾಳೆ. ತುಂಡು ಮಾಂಸಕ್ಕಾಗಿ ಮೈ ಕೊಡಬೇಕು. ಸಿಕ್ಕಿಬಿದ್ದಾಗ ಅವಳ ಹತ್ತಿರ ಒಂದು ಕರಿ ಹುಂಜ, ಒಂದು ಕರಿ ಬೆಕ್ಕು. ಅಷ್ಟು ಸಾಕು, ಮಾಟಗಾತಿ ಅಂತ ಸುಡಲು ಒಯ್ಯುತ್ತಾರೆ. ಅವಳಾಡುವ ಮಾತು ಯಾರಿಗೂ ಅರ್ಥವಾಗುವುದಿಲ್ಲ. ಕಥೆ ಹೇಳುವ ಆಡ್ಸೊ ಅವಳನ್ನು ಪ್ರೀತಿಸಿದವನು, ಅವನಿಗೂ ಅವಳ ಹೆಸರು ಕೊನೆಯವರೆಗೆ ಗೊತ್ತಾಗುವುದಿಲ್ಲ. ಬಡತನದ ಬಗ್ಗೆ ಐನೂರು ಪುಟ ವಾದ ಮಾಡುವ ಪುಸ್ತಕ ಬಡವಳ ಬಾಯಿಗೆ ನಾಲ್ಕು ಮಾತು ಕೊಡಲಿಲ್ಲ. ಆ ಕಥೆಯ ಕಾಲಕ್ಕೂ ನೂರೈವತ್ತು ವರ್ಷ ಹಿಂದೆ ಇಲ್ಲಿ ಕಸ ಗುಡಿಸುತ್ತಿದ್ದ ವಚನಕಾರ್ತಿ ಸತ್ಯಕ್ಕನ ಹೆಸರೂ ಉಳಿದಿದೆ, ಮಾತೂ ಉಳಿದಿದೆ. ಆ ಕಾಲ ಹಾಗಿತ್ತು ಅಂತ ತೋರಿಸೋಕೇ ಎಕೊ ಹೀಗೆ ಬರೆದರು ಅಂತ ಗೆಳೆಯನೊಬ್ಬ ವಾದಿಸುತ್ತಾನೆ. ಇರಬಹುದು. ನನಗೆ ಸಮಾಧಾನ ಆಗಿಲ್ಲ.

ನೀವು ಐದನೇ ದಿನದ ವಾಗ್ವಾದದವರೆಗೆ ಹೇಗಾದರೂ ಹೋಗಿ. ಬಾಗಿಲ ಕೆತ್ತನೆಯ ಪುಟಗಳನ್ನು ಸುಮ್ನೆ ತಿರುವಿ ಹಾಕಿದರೂ ಪರವಾಗಿಲ್ಲ. ಆ ಹುಡುಗಿ ಬರುವ ಪುಟಗಳನ್ನು ಮಾತ್ರ ನಿಧಾನವಾಗಿ ಓದಿ.